ಎರಕದ ಕೊಡಲಿಗೆ ಗ್ರೈಂಡರ್ ಬೇಡ, ಅರ ಸಾಕು

ತುಮಕೂರು ಕಡೆ ತೋಟ ಇರುವವರು ಇದನ್ನು ಒಮ್ಮೆ ಓದಿ. ಎರಕ ಹೊಯ್ದ ಕೊಡಲಿಯ ಮೈಯೆಲ್ಲ ಒರಟಾಗಿರುತ್ತದೆ. ಅಚ್ಚಿನ ಎರಡು ಭಾಗ ಕೂಡಿದ ಕಡೆ ಒಂದು ಗೆರೆ ಎದ್ದಿರುತ್ತದೆ ಅಲ್ವಾ, ಮೊದಲು ಅದನ್ನು ಒರಟು ಅರದಿಂದ ತೆಗೆಯಿರಿ. ಅರ ಮುಂದಕ್ಕೆ ತಳ್ಳುವಾಗ ಮಾತ್ರ ಕತ್ತರಿಸುತ್ತದೆ. ಹಿಂದಕ್ಕೆ ತರುವಾಗ ಎತ್ತಿಬಿಡಿ, ಇಲ್ಲದಿದ್ದರೆ ಹಲ್ಲು ಸುಮ್ನೆ ಸವೆಯುತ್ತದೆ. ಅರಕ್ಕೆ ಸೀಮೆಸುಣ್ಣ ಉಜ್ಜಿಕೊಂಡರೆ ಕಬ್ಬಿಣದ ಪುಡಿ ಹಲ್ಲಿನಲ್ಲಿ ಜಾಸ್ತಿ ಕಚ್ಚಿಕೊಳ್ಳುವುದಿಲ್ಲ.

ಬಾಯಿಯ ಹತ್ತಿರ ಮಾತ್ರ ಗ್ರೈಂಡರ್ ಹಿಡಿಯಲೇಬೇಡಿ. ಅವಸರಕ್ಕೆ ಹಿಡಿದು ನಾನು ಒಂದು ಒಳ್ಳೆ ಕೊಡಲಿ ಕೆಡಿಸಿದೆ. ಅಂಚು ಕಾದು ನೀಲಿಯಾಯಿತು, ಹದ ಹೋಯಿತು. ಆಮೇಲೆ ತೆಂಗಿನ ಮಟ್ಟೆ ಕಡಿದರೂ ಬಾಯಿ ಮಡಚುತ್ತಿತ್ತು. ಈಗಲೂ ಬೇಜಾರಾಗುತ್ತದೆ.

ಅರದ ಕೆಲಸ ಮುಗಿದ ಮೇಲೆ ಎಮರಿ ಕಾಗದ. ಮೊದಲು 80 ನಂಬರ್, ಆಮೇಲೆ 120, ಕೊನೆಗೆ 220; ನಂಬರ್ ಹೆಚ್ಚಿದಷ್ಟೂ ಕಾಗದ ನಯ. ಪ್ರತಿ ಸಲ ದಿಕ್ಕು ಬದಲಿಸಿ ಅಡ್ಡಕ್ಕೆ ಉಜ್ಜಿ. ಹಿಂದಿನ ಗೀರು ಪೂರ್ತಿ ಹೋದ ಮೇಲೇ ಮುಂದಿನ ಕಾಗದ ತೆಗೆದುಕೊಳ್ಳಿ.

ಕಾವು, ಅಂದರೆ ಮರದ ಹಿಡಿ, ಕೂರುವ ತೂತಿನ ಒಳಗನ್ನು ಮರೆಯಬೇಡಿ. ಅಲ್ಲಿ ಲೋಹದ ಒಂದು ಚೂಪು ಮುಳ್ಳು ಉಳಿದರೂ ಅದು ಕಾವನ್ನು ಕೊರೆಯುತ್ತದೆ. ಕಡಿಯುವಾಗ ತಲೆಯೇ ಕಳಚಿ ಹಾರಬಹುದು. ಅದಕ್ಕೆ ದುಂಡು ಅರ ಬೇಕು. ಕೊನೆಗೆ ಪುಡಿ ಒರೆಸಿ, ತೆಳ್ಳಗೆ ಕೊಬ್ಬರಿ ಎಣ್ಣೆ ಸವರಿ ಇಡಿ.