ಬದು ಮೇಲೆ ಹರಳು ಬಿತ್ತಿದ್ದು ಇರುವೆ

ಮಧುಗಿರಿ ಹತ್ರ ನಮ್ದು ಎರಡೆಕರೆ ರಾಗಿ ಹೊಲ, ರಾಗಿ ನಡುನಡುವೆ ಬಿಡೋ ಅಕ್ಕಡಿ ಸಾಲಲ್ಲಿ ಅವರೆ, ಹರಳು ಹಾಕ್ತೀವಿ. ನಾವು ಒಂದು ಬೀಜಾನೂ ಹಾಕದ ಬದು ಮೇಲೆ, ಅದೂ ಇರುವೆ ಗೂಡಿನ ಪಕ್ಕದಲ್ಲೇ, ವರ್ಷಾ ವರ್ಷ ನಾಲ್ಕೈದು ಹರಳು ಗಿಡ ಒಟ್ಟಿಗೆ ಹುಟ್ತಿದ್ವು. ಒಣಗಿದ ಕಾಯಿ ಬಿಸಿಲಿಗೆ ಸಿಡಿಯುತ್ತೆ ನಿಜ, ಆದ್ರೆ ಸಿಡಿದ ಬೀಜ ಚೆಲ್ಲಾಪಿಲ್ಲಿ ಬೀಳ್ಬೇಕಲ್ವಾ, ಹಿಂಗೆ ಗುಂಪಾಗಿ ಯಾಕೆ?

ಹರಳು ಬೀಜ ಅಂಗೈಲಿಟ್ಟು ನೋಡಿ, ಥೇಟ್ ದನದ ಮೈಮೇಲಿನ ಉಣ್ಣೆ ಹುಳದ ಥರಾನೇ ಇರುತ್ತೆ (ಲ್ಯಾಟಿನ್ ಹೆಸರು ರಿಸಿನಸ್ ಅಂದ್ರೂ ಉಣ್ಣೆ ಅಂತಾನೇ ಅರ್ಥ), ಒಂದು ತುದೀಲಿ ಬೆಳ್ಳಗೆ ಮೆತ್ತನೆ ಗಂಟು. ಅದ್ರಲ್ಲಿ ಕೊಬ್ಬಿನಂಶ ಇರೋದ್ರಿಂದ ಇರುವೆಗಳು ಬೀಜಾನ ಗೂಡಿಗೆ ಎಳ್ಕೊಂಡು ಹೋಗಿ, ಗಂಟು ಮಾತ್ರ ಮರಿಗಳಿಗೆ ತಿನ್ನಿಸಿ, ಗಟ್ಟಿ ಬೀಜಾನ ಹಂಗೇ ಕಸದ ಜೊತೆ ಬಿಸಾಕ್ತವೆ. ಪ್ರಪಂಚದಲ್ಲಿ ಸುಮಾರು 11,000 ಜಾತಿ ಗಿಡಗಳು ಹಿಂಗೆ ಇರುವೆ ಕೈಲಿ ಬೀಜ ಸಾಗಿಸ್ಕೊಳ್ತವೆ, 1906ರಲ್ಲೇ ಸ್ವೀಡನ್ನಿನ ಸಸ್ಯವಿಜ್ಞಾನಿ ಸೆರ್ನಾಂಡರ್ ಇದ್ರ ಬಗ್ಗೆ ದೊಡ್ಡ ಅಧ್ಯಯನ ಮಾಡಿದ್ರು.

ಓದಿದ್ರೆ ಸಾಲ್ದು ಅಂತ ಸಂಕ್ರಾಂತಿ ಆದ್ಮೇಲೆ ನಾನೇ ಮಾಡ್ದೆ. ಆಗ್ತಾನೆ ಬಿಡಿಸಿದ ನಾಟಿ ಹರಳು, ಸಣ್ಣ ಬೀಜದ್ದು, 20 ಗಂಟು ಸಮೇತ, ಇನ್ನು 20ಕ್ಕೆ ಉಗುರಲ್ಲಿ ಗಂಟು ಕಿತ್ತು, ಗೂಡಿಂದ ಎರಡು ಮಾರು ದೂರ ಎರಡು ಮುತ್ತುಗದ ಎಲೆ ಮೇಲಿಟ್ಟು ಕೂತೆ. ಮೊದಲ್ನೇ ದಿನ ಏಳು ಗಂಟೆಗೇ ಹೋಗಿ ತಪ್ಪು ಮಾಡ್ದೆ, ಚಳಿಗೆ ಒಂದು ಇರುವೇನೂ ಹೊರಗೆ ಬರ್ಲಿಲ್ಲ. ಮಾರನೇ ದಿನ ಬಿಸಿಲು ಏರಿದ್ಮೇಲೆ ಹೋದೆ. ಒಂದು ಇರುವೆ ಬಂದು ಗಂಟು ಕಚ್ಚಿ ಎಳೀತು, ಬೀಜ ಕದಲ್ಲಿಲ್ಲ, ವಾಪಸ್ ಹೋಗಿ ಐದಾರು ಜನಾನ ಕರ್ಕೊಂಡು ಬಂತು, ಎಲ್ಲಾ ಆ ಗಂಟೇ ಹಿಡ್ಕೊಂಡು ಹಿಂದಿಂದೆ ನಡ್ಕೊಂಡು ಎಳ್ಕೊಂಡು ಹೋದ್ವು. ಮಧ್ಯಾಹ್ನದೊಳಗೆ ಗಂಟಿದ್ದವು 17 ಖಾಲಿ, ಗಂಟಿಲ್ದೇ ಇದ್ದವು ಎರಡೇ ಕದಲಿದ್ವು.

ಒಂದು ವಾರ ಬಿಟ್ಟು ಗೂಡಿನ ಬಾಯಿ ಹತ್ರ ರಾಗಿ ಹೊಟ್ಟಿನ ಜೊತೆ ಒಂಬತ್ತು ಬೀಜ ಸಿಕ್ವು, ಗಂಟಿದ್ದ ಜಾಗ ನೀಟಾಗಿ ಬೋಳು, ಸಿಪ್ಪೆ ಮೇಲೆ ಒಂದು ಗೀರೂ ಇಲ್ಲ. ಕುಂಡದಲ್ಲಿ ಹಾಕ್ದೆ, ಏಳು ಮೊಳೆತ್ವು. ನೀವೂ ಮಾಡೋದಾದ್ರೆ ತಾಜಾ ಬೀಜಾನೇ ತಗೊಳ್ಳಿ, ಮಿಕ್ಕಿದ್ದನ್ನ ಎಣಿಸಿ ಎತ್ತಿಡಿ, ಹರಳು ಬೀಜ ವಿಷ, ಮಕ್ಕಳ ಕೈಗೆ, ದನದ ಬಾಯಿಗೆ ಸಿಗಬಾರ್ದು.

ಈ ಸಲ ಬದು ಕೆತ್ತೋವಾಗ ಆ ಗೂಡಿನ ಸುತ್ತ ಮೂರಡಿ ಬಿಟ್ಬಿಡಿ ಅಂತ ಆಳುಗಳಿಗೆ ಹೇಳಿದೀನಿ.