ದಾವಣಗೆರೆ ಹಳೇ ಎಕ್ಸ್‌ಟೆನ್ಷನ್‌ನಲ್ಲಿ ಮನೆ ತಗೊಂಡು ಚೆನ್ನಾಗಿ ಬಾಳೋದು ಹೆಂಗೆ

ದಾವಣಗೆರೇಲಿ ಯಾರ ಕೈಯಲ್ಲಾದ್ರೂ ನಾಲ್ಕು ಕಾಸು ಓಡಾಡೋಕೆ ಶುರುವಾಯ್ತು ಅಂದ್ರೆ ಅವರು ಬ್ರೋಕರ್‌ಗೆ ಕೇಳೋ ಮೊದಲ್ನೇ ಮಾತು, ಪಿ.ಜೆ. ಎಕ್ಸ್‌ಟೆನ್ಷನ್ ಕಡೆ ಇಲ್ಲಾಂದ್ರೆ ಎಂ.ಸಿ.ಸಿ. ಬ್ಲಾಕ್ ಕಡೆ ಯಾವ್ದಾದ್ರೂ ಹಳೇ ಮನೆ ಐತೇನ್ರೀ ಅಂತ. ಯಾಕೆ ಅಂತ ಬಿಡಿಸಿ ಹೇಳೋದು ಬೇಡ, ಏಪ್ರಿಲ್ ಮಧ್ಯಾಹ್ನ ಪಿ.ಬಿ. ರೋಡ್ ಬಿಸಿಲಲ್ಲಿ ಬಂದು ಇಲ್ಲಿ ಯಾವ್ದೋ ಮರ ಇರೋ ಕ್ರಾಸ್‌ಗೆ ಗಾಡಿ ತಿರುಗಿಸಿದ್ರೆ ಮೈಗೇ ಗೊತ್ತಾಗುತ್ತೆ. ಹಳೇ ಊರಿನ ಪೇಟೆ ಬೀದಿಗಳಾದ ಮಂಡಿಪೇಟೆ, ಚೌಕಿಪೇಟೆ ಇಕ್ಕಟ್ಟಾದ್ಮೇಲೆ ಮಂಡಿ ಸಾಹುಕಾರ್ರು, ವಕೀಲ್ರು, ಮಿಲ್ಲಿನೋರು ಇಲ್ಲಿ ಅಗಲವಾದ ಸೈಟ್ ಹಿಡಿದು ಮನೆ ಕಟ್ಟಿಸಿದ್ರು, 1965ರಲ್ಲಿ ಜೆಜೆಎಂ ಮೆಡಿಕಲ್ ಕಾಲೇಜ್ ಬಂದ್ಮೇಲೆ ಡಾಕ್ಟ್ರುಗಳು, ಪ್ರೊಫೆಸರ್‌ಗಳು ಬಂದು ಸೇರ್ಕೊಂಡ್ರು. ಕಟ್ಟಿಸಿದೋರು ಗೇಟಿನ ಮುಂದೆ ಒಂದು ಹೊಂಗೆನೋ ಬೇವೋ ನೆಟ್ಟು ಹೋದ್ರು, ಈಗ ನಾವು ಅದರ ಕೆಳಗೆ ಕಾರು ನಿಲ್ಲಿಸ್ತೀವಿ. ಇಲ್ಲಿ ಮನೆಗೆ ಹೇಳೋ ರೇಟಲ್ಲಿ ದೊಡ್ಡ ಪಾಲು ಆ ನೆರಳಿಂದೇ ಅಂತ ನಾನು ನಂಬಿದೀನಿ, ಅದಕ್ಕೇ ಈ ಬರಹದಲ್ಲಿ ಮನೆಗಿಂತ ಮರದ ಮಾತು ಸ್ವಲ್ಪ ಜಾಸ್ತಿ ಬರುತ್ತೆ.

ಮೊದಲು ಮನೆ ನೋಡೋಕೆ ಹೋಗೋದು. ಭಾನುವಾರ ಬೆಳಗ್ಗೆ ಬ್ರೋಕರ್ ಕರೆದ ಅಂತ ಹೋಗಿ, ಎಲ್ಲಾ ತಣ್ಣಗಿದೆ ಅಂತ ಅಡ್ವಾನ್ಸ್ ಕೊಟ್ಟು ಬರಬೇಡ್ರಿ. ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಒಂದ್ಸಲ ಹೋಗಿ, ಪಿ.ಜೆ. ಕಡೆ ಸಾಲುಸಾಲು ಕ್ಲಿನಿಕ್ಕು, ನರ್ಸಿಂಗ್ ಹೋಮು, ಎಂ.ಸಿ.ಸಿ. ಬಿ ಬ್ಲಾಕ್ ಕಡೆ ಬಾಪೂಜಿ ಆಸ್ಪತ್ರೆ, ಕಾಲೇಜುಗಳು, ಹಳ್ಳಿಯಿಂದ ಪೇಷಂಟ್ ಕರ್ಕೊಂಡು ಬಂದ ಗಾಡಿಗಳು ಯಾವ ಬೀದಿ ತನಕ ನಿಲ್ತಾವೆ, ನಿಮ್ಮ ಗೇಟ್ ಮುಂದೆ ಜಾಗ ಉಳಿಯುತ್ತಾ ಅಂತ ನೋಡ್ರಿ. ರಾತ್ರಿ ಒಂಬತ್ತಕ್ಕೆ ಇನ್ನೊಂದ್ಸಲ ಹೋಗಿ, ಬೀದಿ ದೀಪ ಮರದ ಕೊಂಬೆ ಒಳಗೆ ಮುಚ್ಚಿ ಹೋಗಿ ಕತ್ತಲಾಗಿದೆಯಾ, ಪಕ್ಕದಲ್ಲಿ ಪಿಜಿ ಐತಾ ಅಂತ ಗೊತ್ತಾಗುತ್ತೆ. ಜೋರು ಮಳೆ ಬಂದ ಮಾರನೇ ದಿನ ಹೋಗೋಕೆ ಆದ್ರಂತೂ ಅದಕ್ಕಿಂತ ಒಳ್ಳೇದು ಇಲ್ಲ, ತಾರಸಿ ಎಲ್ಲಿ ಸೋರ್ತೈತೆ, ಚರಂಡಿ ಎಲ್ಲಿ ಕಟ್ಕೊಂಡೈತೆ ಅಂತ ಮನೆನೇ ತೋರಿಸ್ಬಿಡುತ್ತೆ. ಹಿಂದುಗಡೆ ಕನ್ಸರ್ವೆನ್ಸಿ ಸಂದಿ, ಅಂದ್ರೆ ಮನೆಗಳ ಹಿಂದೆ ಕಸ-ಚರಂಡಿ ಕೆಲಸಕ್ಕೆ ಅಂತ ಬಿಟ್ಟ ಓಣಿ, ಇದ್ರೆ ಅದರೊಳಗೂ ನಡೆದು ನೋಡ್ರಿ. ಮುಂದೆ ಎಷ್ಟೇ ಚೆಂದ ಇರಲಿ, ಹಿಂದಿನ ಸಂದಿ ಕಸದ ಗುಂಡಿ ಆಗಿದ್ರೆ ಅಡುಗೆಮನೆ ಕಿಟಕಿ ವರ್ಷಪೂರ್ತಿ ಮುಚ್ಕೊಂಡಿರಬೇಕಾಗುತ್ತೆ.

ಕಾಗದ ಪತ್ರದ ವಿಷಯ ಚುಟುಕಾಗಿ ಹೇಳ್ತೀನಿ, ಉಳಿದಿದ್ದು ನಿಮ್ಮ ವಕೀಲ್ರನ್ನ ಕೇಳ್ಕೊಳ್ಳಿ. ಹಳೇ ಮನೆ ಅಂದ್ರೆ ಬಹುತೇಕ ಕೂಡು ಕುಟುಂಬದ್ದು, ಕಟ್ಟಿಸಿದ ಅಜ್ಜ ಇಲ್ಲ, ಮಕ್ಕಳು ಒಬ್ರು ಇಲ್ಲಿ, ಒಬ್ರು ಬೆಂಗಳೂರು, ಒಬ್ರು ಅಮೆರಿಕಾ. ವಂಶವೃಕ್ಷ ತೆಗೆಸಿ ಒಬ್ಬೊಬ್ಬರ ಹೆಸರೂ ಸರಿಯಾಗಿ ಲೆಕ್ಕ ಹಾಕ್ರಿ, ಮದುವೆ ಆಗಿ ಹೋದ ಹೆಣ್ಮಕ್ಳ ಸಹಿ ಬಿಡಬೇಡಿ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ತಿದ್ದುಪಡಿ ಆದ್ಮೇಲೆ ಪಿತ್ರಾರ್ಜಿತ ಆಸ್ತೀಲಿ ಅವರಿಗೂ ಗಂಡುಮಕ್ಳಷ್ಟೇ ಪಾಲು. ಇಸಿ, ಅಂದ್ರೆ ಆಸ್ತಿ ಮೇಲೆ ಸಾಲ, ಮಾರಾಟ ಏನೇನಾಗಿದೆ ಅಂತ ತೋರಿಸೋ ಋಣಭಾರ ಪತ್ರ, ಇತ್ತೀಚಿನ ವರ್ಷಗಳದ್ದು ನೋಂದಣಿ ಇಲಾಖೆಯ ಕಾವೇರಿ ವೆಬ್‌ಸೈಟಲ್ಲೇ ಸಿಗುತ್ತೆ, ಹಳೇ ವರ್ಷಗಳದ್ದಕ್ಕೆ ಸಬ್ ರಿಜಿಸ್ಟ್ರಾರ್ ಆಫೀಸಿಗೇ ಹೋಗ್ಬೇಕು. ಇ-ಖಾತಾ ಆಗಿದೆಯಾ, ಕಂದಾಯ ಎಲ್ಲಿ ತನಕ ಕಟ್ಟಿದಾರೆ ಅಂತ ಪಾಲಿಕೇಲಿ ವಿಚಾರಿಸ್ರಿ. ಸೈಟ್ ಅಳತೆ ನೀವೇ ಟೇಪ್ ಹಿಡಿದು ಮಾಡ್ರಿ, ಕಾಂಪೌಂಡ್ ಹಳೇದಾದಷ್ಟೂ ಅಕ್ಕಪಕ್ಕದೋರ ಜೊತೆ ಅರ್ಧ ಅಡಿ ಒಂದಡಿ ತಕರಾರು ಇರೋ ಸಾಧ್ಯತೆ ಜಾಸ್ತಿ.

ಇನ್ನು ಗೋಡೆ. ಇದನ್ನ ಸ್ವಲ್ಪ ಗಮನ ಕೊಟ್ಟು ಓದ್ರಿ, ಯಾಕಂದ್ರೆ ರಿಪೇರಿ ಹೆಸರಲ್ಲಿ ಒಳ್ಳೊಳ್ಳೆ ಮನೆಗಳು ಕೆಡೋದು ಇಲ್ಲೇ. ತೀರಾ ಹಳೇ ಮನೆಗಳಲ್ಲಿ ಗೋಡೆ ಸುಣ್ಣದ ಗಾರೇಲಿ ಕಟ್ಟಿರ್ತಾರೆ, ಒಳಗೆ ಸೇರಿದ ತೇವ ನಿಧಾನಕ್ಕೆ ಹೊರಗೆ ಆರಿಹೋಗುತ್ತೆ, ಅದೇ ಆ ಗೋಡೆ ಬಾಳಿಕೆಯ ಗುಟ್ಟು. ಅದರ ಮೇಲೆ ಸಿಮೆಂಟ್ ಗಿಲಾವು ಬಳಿದು ಮೇಲೊಂದು ಪುಟ್ಟಿ, ಮೇಲೊಂದು ಪ್ಲಾಸ್ಟಿಕ್ ಪೇಂಟ್ ಹೊಡೆದ್ರೆ ತೇವಕ್ಕೆ ದಾರಿ ಇಲ್ಲ, ಒಂದೆರಡು ಮಳೆಗಾಲದಲ್ಲಿ ಬಿಳಿ ಉಪ್ಪು ಕೂತು ಪೇಂಟ್ ಹಪ್ಪಳದ ಥರ ಎದ್ದು ಬರುತ್ತೆ. ಮೇಸ್ತ್ರಿಗಳು ಇದಕ್ಕೆ ಮತ್ತೆ ಸಿಮೆಂಟ್‌ನೇ ಹೇಳ್ತಾರೆ, ಒಪ್ಪಬೇಡಿ. ಕೆದರಿ ತೆಗೆಸಿ ಸುಣ್ಣ-ಮರಳು ಗಾರೆನೇ ಹಾಕಿಸಿ, ಮೇಲೆ ಸುಣ್ಣನೇ ಬಳಿಸ್ರಿ. ಸುಣ್ಣದ ಕೆಲಸ ಬಲ್ಲ ಹಿರಿ ಮೇಸ್ತ್ರಿಗಳು ಹಳೇ ಊರ ಕಡೆ, ಸುತ್ತಮುತ್ತ ಹಳ್ಳಿಗಳ ಕಡೆ ವಿಚಾರಿಸಿದ್ರೆ ಸಿಕ್ತಾರೆ, ಗುಡಿ ರಿಪೇರಿ ಮಾಡಿದೋರನ್ನ ಕೇಳ್ರಿ. ಮನೆ ಸುಣ್ಣದ್ದಾ ಸಿಮೆಂಟಿಂದಾ ಅಂತ ತಿಳ್ಕೋಬೇಕು ಅಂದ್ರೆ ಮೂಲೇಲಿ ಎಲ್ಲಾದ್ರೂ ಗಿಲಾವು ಬಿಟ್ಟಿರೋ ಕಡೆ ಉಗುರಲ್ಲೋ ಮೊಳೆಯಲ್ಲೋ ಗೀರಿ ನೋಡ್ರಿ, ಸುಣ್ಣ ಪುಡಿಪುಡಿಯಾಗಿ ಬೆಳ್ಳಗೆ ಉದುರುತ್ತೆ, ಸಿಮೆಂಟು ಬೂದು ಬಣ್ಣಕ್ಕೆ ಗಟ್ಟಿಯಾಗಿರುತ್ತೆ.

ಎಂ.ಸಿ.ಸಿ. ಕಡೆ ಆಮೇಲೆ ಕಟ್ಟಿದ ಮನೆಗಳು ಹೆಚ್ಚಾಗಿ ಆರ್‌ಸಿಸಿ, ಅಂದ್ರೆ ಕಂಬಿ ಹಾಕಿದ ಕಾಂಕ್ರೀಟ್ ತಾರಸಿದು, ಅಲ್ಲಿ ಸಮಸ್ಯೆ ಬೇರೆ. ಒಳಗೆ ನಿಂತು ಸೂರು ನೋಡ್ರಿ, ಚಕ್ಕೆ ಬಿದ್ದು ಕಂಬಿ ತುಕ್ಕು ಹಿಡಿದಿದ್ದು ಕಾಣ್ತಿದ್ರೆ ಬರೀ ಪ್ಲಾಸ್ಟರ್ ಬಳಿದು ಮುಚ್ಚಿ ಕೊಟ್ಟಾರು ಹುಷಾರು, ಒಬ್ಬ ಇಂಜಿನಿಯರ್‌ನ ಕರ್ಕೊಂಡ್ಹೋಗಿ ತೋರಿಸಿ ಆಮೇಲೆ ರೇಟ್ ಮಾತಾಡ್ರಿ. ಸಾಗುವಾನಿ ಬಾಗಿಲು ಕಿಟಕಿ ಇದ್ರೆ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಹಿಡಿಲಿ ತಟ್ಟಿ ನೋಡ್ರಿ, ಟೊಳ್ಳು ಸದ್ದು ಬಂದ್ರೆ ಗೆದ್ದಲು. ಕೆಂಪು ರೆಡ್ ಆಕ್ಸೈಡ್ ನೆಲ ಸಿಕ್ಕಿದ್ರೆ ಪುಣ್ಯ ಅನ್ಕೊಳ್ಳಿ, ಟೈಲ್ಸ್ ಹಾಕ್ಸೋಕೆ ಅದನ್ನ ಒಡೆಸಬೇಡಿ, ಆಸಿಡ್ ಮುಟ್ಟಿಸಬೇಡಿ, ಬರೀ ನೀರಲ್ಲಿ ಒರೆಸಿ ಆಗಾಗ ಬಟ್ಟೇಲಿ ಒಂಚೂರು ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿಸಿದ್ರೆ ಸಾಕು, ವರ್ಷ ಹೋದಂಗೆ ಹೊಳಪು ಏರುತ್ತೆ.

ನೀರು. ನಮ್ಮೂರ ನೀರು ಭದ್ರಾ ನಾಲೆಯಿಂದ ಕುಂದವಾಡ ಕೆರೆ, ಟಿ.ವಿ. ಸ್ಟೇಷನ್ ಕೆರೆಗೆ ತುಂಬಿಸಿ ಕೊಡೋದು, ಜೊತೆಗೆ ರಾಜನಹಳ್ಳಿ ಹತ್ರ ತುಂಗಭದ್ರೆಯಿಂದ ಎತ್ತೋದು. ನಾಲೇಲಿ ನೀರು ನಿಲ್ಸಿದಾಗ, ಹೊಳೆ ಬತ್ತಿದಾಗ ಎಂಥಾ ಶ್ರೀಮಂತರ ಬೀದಿ ಆದ್ರೂ ಬಿಂದಿಗೆ ಲೆಕ್ಕನೇ. ಜಲಸಿರಿ ಅನ್ನೋ ನಲ್ಲಿ ನೀರಿನ ಯೋಜನೆ ಮೀಟರ್ ಕೂತಿದೆಯಾ, ಸಂಪು ಎಷ್ಟು ಲೀಟರಿಂದು, ಬೋರ್ ಐತಾ, ಬೇಸಿಗೇಲಿ ಎಷ್ಟು ಹೊತ್ತು ಓಡುತ್ತೆ ಅಂತ ಮನೆ ಮಾಲೀಕ್ರನ್ನಲ್ಲ, ಪಕ್ಕದ ಮನೆಯೋರನ್ನ ಕೇಳ್ರಿ. ಮಳೆ ನೀರು ಇಂಗಿಸೋದಂತೂ ಮಾಡಿಸ್ಲೇಬೇಕು. ಸಾವಿರ ಚದರಡಿ ತಾರಸಿ ಮೇಲೆ 20 ಮಿಲಿಮೀಟರ್ ಮಳೆ ಬಿದ್ರೆ ಸುಮಾರು 1,800 ಲೀಟರ್ ನೀರು, ಒಂದೇ ಮಳೆಗೆ. ಅಷ್ಟನ್ನ ಚರಂಡಿಗೆ ಬಿಟ್ಟು ಬೇಸಿಗೇಲಿ ಟ್ಯಾಂಕರ್‌ಗೆ ಫೋನ್ ಮಾಡೋದು ಯಾವ ನ್ಯಾಯ. ಒಂದೇ ಒಂದು ಎಚ್ಚರಿಕೆ, ಮರ ಇರೋ ಮನೇಲಿ ಪೈಪಿನ ಬಾಯಿಗೆ ಜಾಲರಿ ಇರಲೇಬೇಕು, ಹೊಂಗೆ ಹೂವು, ಬೇವಿನ ಕಡ್ಡಿ ಹೋಗಿ ಕೂತ್ರೆ ತಾರಸಿ ಮೇಲೆ ನೀರು ನಿಂತು ಸೊಳ್ಳೆನೂ ಆಗುತ್ತೆ, ಸೂರೂ ಸೋರುತ್ತೆ. ಡೆಂಗ್ಯೂ ಸೊಳ್ಳೆ ಮರಿಯಾಗೋಕೆ ವಾರ ಹತ್ತು ದಿನ ಸಾಕು, ಆದ್ದರಿಂದ ಮಳೆಗಾಲದಲ್ಲಿ ವಾರಕ್ಕೊಂದ್ಸಲ ತಾರಸಿ ಹತ್ತಿ ನೋಡ್ರಿ.

ಈಗ ಮರ. ಫೆಬ್ರವರಿ ಬಂತು ಅಂದ್ರೆ ಹೊಂಗೆ ಎಲೆ ಉದುರಿಸುತ್ತೆ, ಯುಗಾದಿ ಹೊತ್ತಿಗೆ ಬೇವು ಹೂ ಬಿಡುತ್ತೆ, ಆಮೇಲೆ ಹೊಂಗೆ ಹೂವು ರೋಡ್ ತುಂಬಾ ಅಕ್ಕಿ ಚೆಲ್ಲಿದಂಗೆ ಬೀಳುತ್ತೆ. ಕಾರಿನ ಮೇಲೆ ಬೀಳುತ್ತೆ, ಗೇಟ್ ಮುಂದೆ ಹಾಕಿದ ರಂಗೋಲಿ ಮೇಲೂ ಬೀಳುತ್ತೆ. ಇದು ಬೇಜಾರು ಅನ್ನೋರು ದಯವಿಟ್ಟು ಹೊಸ ಲೇಔಟಲ್ಲಿ ಮನೆ ತಗೊಳ್ಳಿ, ಅಲ್ಲಿ ಅಂಗಳ ಸ್ವಚ್ಛವಾಗೇ ಇರುತ್ತೆ. ಇಲ್ಲಿರೋರು ದಿನಾ ಗುಡಿಸ್ಬೇಕು, ಗುಡಿಸಿದ್ದನ್ನ ಸುಡಬಾರದು. ಬೆಳಗ್ಗೆ ಬೆಳಗ್ಗೆ ಮೂಲೇಲಿ ಎಲೆ ರಾಶಿಗೆ ಬೆಂಕಿ ಹಚ್ಚಿ ಹೊಗೆ ಎಬ್ಬಿಸೋದು ನೋಡಿದ್ರೆ ನಂಗೆ ಸಂಕಟ ಆಗುತ್ತೆ, ಎದುರು ಮನೇಲಿ ಆಸ್ತಮಾ ಇರೋ ಅಜ್ಜಾರು ಇರ್ತಾರೆ, ಮಕ್ಳು ಇರ್ತಾವೆ. ಬೀದೀಲಿ ಕಸ ಸುಡೋ ಹಂಗಿಲ್ಲ ಅಂತ ಘನತ್ಯಾಜ್ಯ ನಿಯಮದಲ್ಲೇ ಹೇಳೈತೆ. ಹಿತ್ತಲಲ್ಲಿ ಮೂರಡಿ ಗುಂಡಿ ತೆಗೆಸಿ, ಇಲ್ಲಾ ಇಟ್ಟಿಗೆ ಸಂದಿ ಬಿಟ್ಟು ಒಂದು ತೊಟ್ಟಿ ಕಟ್ಟಿಸಿ, ಒಂದು ಪದರ ಒಣ ಎಲೆ, ಒಂದು ಪದರ ಅಡುಗೆಮನೆ ತರಕಾರಿ ಸಿಪ್ಪೆ, ಮೇಲೆ ಹುಳಿ ಮಜ್ಜಿಗೆನೋ ಸಗಣಿ ನೀರೋ ಚಿಮುಕಿಸ್ತಾ ಬನ್ರಿ. ನಮ್ಮ ಬಿಸಿಲಿಗೆ ಬೇಗ ಒಣಗುತ್ತೆ, ಹಿಂಡಿದ ಬಟ್ಟೆಯಷ್ಟು ತೇವ ಇರಂಗೆ ನೋಡ್ಕೊಂಡ್ರೆ ಮೂರ್ನಾಲ್ಕು ತಿಂಗ್ಳಿಗೆ ಕಪ್ಪು ಗೊಬ್ಬರ ರೆಡಿ. ಎಲೆ ರಾಶಿಗೆ ಕೈ ಹಾಕೋ ಮುಂಚೆ ಕೋಲಲ್ಲಿ ಕೆದಕ್ರಿ, ಹಾವು ಇರಬಹುದು.

ಕೊಂಬೆ ಸವರಿಸೋದು ಇದ್ರೆ ಫೆಬ್ರವರಿ, ಮಾರ್ಚ್ ಒಳಗೆ ಮುಗಿಸ್ರಿ. ಏಪ್ರಿಲ್ ಮಧ್ಯದಿಂದ ಬರೋ ಅಶ್ವಿನಿ, ಭರಣಿ ಮಳೆ ನಮ್ಮ ಕಡೆ ನೀರಿಗಿಂತ ಗಾಳಿ ಜಾಸ್ತಿ ತರ್ತಾವೆ, ಒಣಗಿದ ಕೊಂಬೆ ಬೀಳೋದು ಆವಾಗ್ಲೇ. ಲೈನ್ ಹತ್ರ ಇದ್ರೆ ಯಾರನ್ನೂ ಏಣಿ ಹತ್ತಿಸಬೇಡಿ, ಬೆಸ್ಕಾಂ 1912ಕ್ಕೆ ಫೋನ್ ಮಾಡಿ ಲೈನ್ ಆಫ್ ಮಾಡಿಸಿ, ಕಡಿಯೋವಾಗ ನೀವು ಸ್ವಲ್ಪ ದೂರದಲ್ಲಿ ನಿಂತು ನೋಡ್ಕೊಳ್ಳಿ, ತಂತಿ ಕಡೆ ಮಾತ್ರ ಬೋಳಿಸಿದ್ರೆ ಮರದ ಭಾರ ಪೂರ್ತಿ ಮನೆ ಕಡೆ ವಾಲುತ್ತೆ, ಎರಡೂ ಕಡೆ ಸಮ ಮಾಡಿ ಅಂತ ಕೇಳ್ಕೊಳ್ಳಿ. ಇನ್ನು ಪೂರ್ತಿ ಮರ ಕಡಿಯೋದು, ನಿಮ್ಮ ಕಾಂಪೌಂಡ್ ಒಳಗೇ ಇದ್ರೂ ನಿಮ್ಮಿಷ್ಟ ಅಲ್ಲ, 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ವೃಕ್ಷಾಧಿಕಾರಿ ಅನುಮತಿ ಬೇಕು. ತೆಂಗು, ಸಿಲ್ವರ್ ಓಕ್, ನೀಲಗಿರಿ ಥರ ಕೆಲವಕ್ಕೆ ಮಾತ್ರ ವಿನಾಯ್ತಿ.

ಮರ ಕಡಿಯದೇನೂ ಸಾಯಿಸಬಹುದು, ಅದೇ ಜಾಸ್ತಿ ನಡೀತಿರೋದು. ಗೇಟ್ ಮುಂದೆ ನೀಟಾಗಿ ಕಾಣ್ಲಿ ಅಂತ ಬುಡದ ತನಕ ಪೇವರ್ಸ್ ಹಾಕಿಸ್ತಾರೆ, ಸಿಮೆಂಟ್ ಸುರೀತಾರೆ, ಬೇರಿಗೆ ನೀರೂ ಇಲ್ಲ ಗಾಳಿನೂ ಇಲ್ಲ. ಬುಡದ ಸುತ್ತ ಮೂರ್ನಾಲ್ಕು ಅಡಿ ಮಣ್ಣು ಬಿಡಿಸ್ರಿ, ಆಗ್ಲೇ ಸಿಮೆಂಟ್ ಆಗಿದ್ರೆ ಬೇರಿಗೆ ಏಟು ಬೀಳದಂಗೆ ನಿಧಾನಕ್ಕೆ ಒಡೆಸ್ರಿ. ಮೊಳೆ ಹೊಡೆದು ಕ್ಲಿನಿಕ್ ಬೋರ್ಡ್, ಟ್ಯೂಷನ್ ಬೋರ್ಡ್ ಹಾಕಿದ್ರೆ ಆ ನಂಬರ್‌ಗೆ ಫೋನ್ ಮಾಡಿ ಮರ್ಯಾದೆಯಿಂದ ಹೇಳ್ರಿ, ತೆಗೀತಾರೆ. ಒಂದೇ ಒಂದು ಗಿಡಕ್ಕೆ ಮಾತ್ರ ಕರುಣೆ ತೋರಿಸಬೇಡಿ, ಪ್ಯಾರಾಪೆಟ್ ಸಂದೀಲಿ ಹಕ್ಕಿ ಹಿಕ್ಕೆಯಿಂದ ಹುಟ್ಟೋ ಅರಳಿ ಸಸಿಗೆ. ಎರಡು ಎಲೆ ಇದ್ದಾಗ್ಲೇ ಬೇರು ಸಮೇತ ಕೀಳ್ರಿ, ಬರೀ ಮೇಲೆ ಕತ್ತರಿಸಿದ್ರೆ ಬೇರು ಒಳಗೇ ದಪ್ಪ ಆಗಿ ಗೋಡೆ ಸೀಳುತ್ತೆ.

ಹೊಸ ಸಸಿ ಇಡೋದಾದ್ರೆ ಮುಂಗಾರು ಹಿಡಿದ್ಮೇಲೆ ಜೂನಲ್ಲಿ ಇಡ್ರಿ, ಎರಡಡಿ ಗುಂಡಿ, ತಂತಿ ಕೆಳಗಾದ್ರೆ ಕರಿಬೇವು, ನಂದಿಬಟ್ಟಲು ಥರ ಗಿಡ್ಡನೆಯವು, ತಂತಿ ಇಲ್ಲದ ಕಡೆ ಹೊಂಗೆ, ಬೇವು, ಸಂಪಿಗೆ. ಮೊದಲೆರಡು ಬೇಸಿಗೆ ನೀರು ಹಾಕೋ ಜವಾಬ್ದಾರಿ ಯಾರ್ದು ಅಂತ ಇಡೋ ದಿನಾನೇ ಮನೇಲಿ ತೀರ್ಮಾನ ಆಗ್ಲಿ.

ಅಕ್ಕಪಕ್ಕದ ಮಾತಿಗೆ ಬಂದ್ರೆ, ಈ ಬೀದಿಗಳಲ್ಲಿ ಈಗ ಬಹಳ ಮನೆಗಳಲ್ಲಿ ವಯಸ್ಸಾದ ಗಂಡ ಹೆಂಡ್ತಿ ಇಬ್ರೇ ಇರೋದು, ಮಕ್ಳು ಬೆಂಗಳೂರಲ್ಲಿ. ಹೊಸದಾಗಿ ಬಂದೋರು ಗೃಹಪ್ರವೇಶಕ್ಕೆ ಬೀದಿಯೋರ್ನೆಲ್ಲ ಕರೀರಿ, ಕಾರ್ಡ್ ಗೇಟಿಗೆ ಸಿಕ್ಕಿಸಿ ಹೋಗ್ಬೇಡಿ, ಒಳಗೆ ಹೋಗಿ ಕುಂಕುಮ ಕೊಟ್ಟು ಅಜ್ಜಾರೆ, ಅಮ್ಮಾರೆ ಬರ್ಲೇಬೇಕು ಅಂತ ಕೂತು ಹೇಳ್ರಿ. ಆ ಅಜ್ಜಾರಿಗೆ ನಿಮ್ಮ ಮನೆ ಯುಜಿಡಿ (ಒಳಚರಂಡಿ) ಲೈನ್ ಎಲ್ಲಿ ಹೋಗೈತೆ, ಯಾವ ಮೇಸ್ತ್ರಿ ಕಟ್ಟಿದ್ದು, ಹಿಂದಿನ ಬಾವಿ ಎಲ್ಲಿ ಮುಚ್ಚಿದ್ರು ಅನ್ನೋದೆಲ್ಲ ಗೊತ್ತಿರುತ್ತೆ, ಯಾವ ಪ್ಲಾನ್‌ನಲ್ಲೂ ಸಿಗದ ವಿಷಯ ಅದು. ಅವರ ಮಕ್ಳ ನಂಬರ್ ಇಸ್ಕೊಂಡು ಇಟ್ಕೊಳ್ಳಿ, ನಿಮ್ದು ಅವರಿಗೆ ಕೊಡ್ರಿ. ದುಗ್ಗಮ್ಮನ ಜಾತ್ರೆ ವರ್ಷ ಊರಿಗೂರೇ ನೆಂಟ್ರಿಂದ ತುಂಬಿರುತ್ತೆ, ಪಾರ್ಕಿಂಗ್ ಬಗ್ಗೆ ಆವಾಗ ಮುಖ ಗಂಟು ಹಾಕ್ಬೇಡಿ.

ಕೊನೇದಾಗಿ ಬಾಡಿಗೆ ವಿಷಯ. ದೊಡ್ಡ ಮನೆ, ನೀವು ಬೇರೆ ಊರಲ್ಲಿ, ಲ್ಯಾಬ್‌ನೋರೋ ಕೋಚಿಂಗ್ ಸೆಂಟರ್‌ನೋರೋ ಬಂದು ಮನೆ ಬಾಡಿಗೆಗಿಂತ ಜಾಸ್ತಿ ಕೊಡ್ತೀವಿ ಅಂತಾರೆ. ಕೊಡೋ ಮುಂಚೆ ವಸತಿ ಜಾಗದಲ್ಲಿ ಆ ವ್ಯಾಪಾರಕ್ಕೆ ಅವಕಾಶ ಐತಾ, ಕಂದಾಯ ಎಷ್ಟು ಏರುತ್ತೆ ಅಂತ ಪಾಲಿಕೆ, ಧೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಎರಡೂ ಕಡೆ ಕೇಳ್ರಿ, ಎಡಬಲ ಮನೆಯೋರಿಗೆ ಒಂದು ಮಾತು ಹೇಳ್ರಿ. ನನ್ನನ್ನ ಕೇಳಿದ್ರೆ ಸ್ವಲ್ಪ ಕಮ್ಮಿ ಬಂದ್ರೂ ಸಂಸಾರಸ್ಥರಿಗೇ ಕೊಡಿ ಅಂತೀನಿ. ಯಾರಿಗೇ ಕೊಟ್ರೂ ಅಗ್ರಿಮೆಂಟಲ್ಲಿ ಬರೆಸ್ರಿ, ಮರ ಕಡಿಯಂಗಿಲ್ಲ, ಬುಡಕ್ಕೆ ಸಿಮೆಂಟ್ ಹಾಕಂಗಿಲ್ಲ, ಕೆಂಪು ನೆಲ ಒಡಿಯಂಗಿಲ್ಲ, ಎಲೆ ಸುಡಂಗಿಲ್ಲ. ಈ ನಾಲ್ಕು ಸಾಲು ಓದಿ ಮೂಗು ಮುರಿಯೋರಿಗೆ ಬೀಗದ ಕೈ ಕೊಡಬೇಡಿ.