ಎಂಜಿಬಿಗೆ ಹೊಸ ಪೆಟ್ರೋಲ್ ಪೈಪ್ ಹಾಕಿದ್ದು: ನನ್ನ ಅನುಭವ

ನನ್ನ ಹತ್ತಿರ ಇರುವುದು 1970ರ ಎಂಜಿಬಿ ರೋಡ್‌ಸ್ಟರ್, ಮೇಲ್ಛಾವಣಿ ತೆರೆಯಬಹುದಾದ ಸ್ಪೋರ್ಟ್ಸ್ ಕಾರು. ಇಂಗ್ಲೆಂಡಿನ ಆಬಿಂಗ್ಡನ್‌ನಲ್ಲಿದ್ದ ಎಂಜಿ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಈ ಗಾಡಿ ತಯಾರಾಯಿತು. ನಾನಿರುವ ಊರು ಅಲ್ಲಿಂದ ದೂರವೇನಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದಿರಲಿ ಅಂತ ಉಪ್ಪು ಚೆಲ್ಲುತ್ತಾರೆ. ಅಷ್ಟು ವರ್ಷ ಆ ಉಪ್ಪುನೀರು ಗಾಡಿಯ ಅಡಿಗೆ ಎರಚಿದರೆ ಉಕ್ಕಿನ ಪೆಟ್ರೋಲ್ ಪೈಪ್ ಉಳಿಯುತ್ತದಾ? ಹೊರಗೆ ನೋಡಿದರೆ ಪೈಪ್ ಚೆನ್ನಾಗಿಯೇ ಕಾಣುತ್ತಿತ್ತು. ಹಿಡಿದಿದ್ದ ಕ್ಲಿಪ್ ಬಿಚ್ಚಿದಾಗ ಅದರ ಅಡಿಯಲ್ಲಿ ತುಕ್ಕು ಹಕ್ಕಳೆ ಹಕ್ಕಳೆಯಾಗಿ ಎದ್ದಿತ್ತು. ನೀರು ನಿಲ್ಲುವುದು ಅಲ್ಲೇ. ಹಳೆ ಗಾಡಿಯ ಪೈಪ್ ನೋಡುವವರು ಕ್ಲಿಪ್ ಬಿಚ್ಚಿಯೇ ನೋಡಬೇಕು.

ಈ ಗಾಡಿಯಲ್ಲಿ ಪೆಟ್ರೋಲ್ ಹೋಗುವ ದಾರಿ ಸರಳ. ಟ್ಯಾಂಕ್ ಹಿಂದೆ ಡಿಕ್ಕಿಯ ಕೆಳಗಿದೆ. ಅದರ ಮುಂದೆ, ಬ್ಯಾಟರಿ ಪೆಟ್ಟಿಗೆಯ ಪಕ್ಕ, ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪ್. ಅಲ್ಲಿಂದ ಒಂದು ಉದ್ದ ಪೈಪ್ ಗಾಡಿಯ ಅಡಿಯಲ್ಲೇ ಎಂಜಿನ್ ತನಕ ಬರುತ್ತದೆ. ಕೊನೆಯಲ್ಲಿ ರಬ್ಬರ್ ಹೋಸ್, ಆಮೇಲೆ ಎರಡು ಎಸ್‌ಯು ಕಾರ್ಬೊರೇಟರ್, ಅಂದರೆ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಭಾಗ. ಒತ್ತಡ 3 ಪಿಎಸ್‌ಐ (ಚದರ ಇಂಚಿಗೆ 3 ಪೌಂಡ್) ಆಸುಪಾಸು, ಅಷ್ಟೇ. ಇಂಜೆಕ್ಷನ್ ಇರುವ ಇಂದಿನ ಕಾರುಗಳಿಗೆ ಹೋಲಿಸಿದರೆ ಏನೂ ಅಲ್ಲ. ಹಾಗಂತ ಹಗುರವಾಗಿ ನೋಡಬೇಡಿ. ಈ ಎಂಜಿನ್‌ನಲ್ಲಿ ಕಾರ್ಬೊರೇಟರ್ ಮತ್ತು ಬಿಸಿ ಹೊಗೆ ಹೊರಹೋಗುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಎರಡೂ ಒಂದೇ ಕಡೆ ಇವೆ. ಅಲ್ಲಿ ತೊಟ್ಟಿಕ್ಕಿದ ಪೆಟ್ರೋಲ್ ಬೀಳುವುದು ಕಾದ ಕಬ್ಬಿಣದ ಮೇಲೆ.

ಯಾವ ಲೋಹದ ಪೈಪ್ ಅನ್ನೋದು ಮೊದಲ ಪ್ರಶ್ನೆ. ಬರೀ ತಾಮ್ರ ಬೇಡ. ಸುಲಭವಾಗಿ ಬಗ್ಗುತ್ತದೆ ನಿಜ, ಆದರೆ ಗಾಡಿಯ ನಡುಕಕ್ಕೆ ದಿನ ಕಳೆದಂತೆ ಗಡಸಾಗಿ ಬಿರುಕು ಬಿಡುತ್ತದೆ. ಉಕ್ಕಿಗೆ ಮತ್ತೆ ತುಕ್ಕು. ಸ್ಟೇನ್‌ಲೆಸ್ ಸ್ಟೀಲ್ ತುಂಬಾ ಜನಕ್ಕೆ ಇಷ್ಟ, ಹೊಳಪೂ ಚೆಂದ. ಆದರೆ ಅದು ಬಗ್ಗಿಸಿದ ಮೇಲೆ ಸ್ವಲ್ಪ ವಾಪಸ್ ಚಿಮ್ಮುತ್ತದೆ, ತುದಿ ಅರಳಿಸಲು ಒಳ್ಳೆಯ ಉಪಕರಣ ಬೇಕು, ಜಾಯಿಂಟ್‌ನಲ್ಲಿ ಒಂಚೂರು ಓರೆಯಾದರೂ ಸೋರುತ್ತದೆ. ನಾನು ಆರಿಸಿದ್ದು ಕ್ಯುನಿಫರ್. ಸುಮಾರು 90 ಭಾಗ ತಾಮ್ರ, 10 ಭಾಗ ನಿಕಲ್, ಚೂರು ಕಬ್ಬಿಣ ಸೇರಿದ ಮಿಶ್ರಲೋಹ ಇದು. ತುಕ್ಕು ಹಿಡಿಯುವುದಿಲ್ಲ, ಕೈಯಲ್ಲೇ ಬಗ್ಗುತ್ತದೆ, ತುದಿ ಚೊಕ್ಕವಾಗಿ ಅರಳುತ್ತದೆ. ಬ್ರೇಕ್ ಪೈಪ್‌ಗೂ ಇದನ್ನೇ ಬಳಸುತ್ತಾರೆ. ಮನೆಯಲ್ಲೇ ಕೆಲಸ ಮಾಡುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

ಅಳತೆ ಒಂದು ಇಂಚಿನ ಹದಿನಾರರಲ್ಲಿ ಐದು ಭಾಗ, ಅಂದರೆ 7.94 ಮಿಲಿಮೀಟರ್. ಅಂಗಡಿಯಲ್ಲಿ 8 ಮಿಲಿಮೀಟರ್ ಪೈಪ್ ತೋರಿಸಿ ಎರಡೂ ಒಂದೇ ಅನ್ನುತ್ತಾರೆ. ರಬ್ಬರ್ ಹೋಸ್‌ಗೆ ಒಂದೇ ಇರಬಹುದು. ನಟ್ ಮತ್ತು ಆಲಿವ್‌ಗೆ ಹಾಗಲ್ಲ. ಆಲಿವ್ ಅಂದರೆ ನಟ್ ಒಳಗೆ ಪೈಪನ್ನು ಕಚ್ಚಿ ಹಿಡಿಯುವ ಪುಟ್ಟ ಹಿತ್ತಾಳೆ ಉಂಗುರ. ಪೈಪ್, ಆಲಿವ್, ನಟ್ ಮೂರೂ ಇಂಚಿನ ಅಳತೆಯವೇ ಇರಲಿ. ನಟ್‌ನ ಮರೆ (ಒಳಗಿನ ಸುರುಳಿ ಗೆರೆ) ಯಾವುದು ಅಂತ ಥ್ರೆಡ್ ಗೇಜ್ ಇಟ್ಟು ನೋಡಿಯೇ ತಂದೆ.

ಕೆಲಸಕ್ಕೆ ಮೊದಲು ಸುರಕ್ಷತೆಯ ಮಾತು. ಪೆಟ್ರೋಲ್ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಮೈನಸ್ 40 ಡಿಗ್ರಿಯ ಚಳಿಯಲ್ಲೂ ಕಿಡಿ ಸಿಕ್ಕರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಇಲ್ಲಿ ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರ್ ಎಷ್ಟೋ ಮನೆಗಳಲ್ಲಿ ಗ್ಯಾರೇಜಿನಲ್ಲೇ ಇರುತ್ತದೆ. ಹಾಗಾಗಿ ಟ್ಯಾಂಕ್ ಖಾಲಿ ಮಾಡುವ ಕೆಲಸ ಬಯಲಿನಲ್ಲೇ ಆಗಬೇಕು. ನಾನು ಗಾಡಿಯನ್ನು ಅಂಗಳಕ್ಕೆ ತಳ್ಳಿ, ಪೆಟ್ರೋಲನ್ನು ಲೋಹದ ಕ್ಯಾನ್‌ಗೆ ಇಳಿಸಿಕೊಂಡೆ. ಆಮೇಲೆ ಬ್ಯಾಟರಿ ವೈರ್ ತೆಗೆದೆ. ಸೀಟಿನ ಹಿಂದೆ 6 ವೋಲ್ಟಿನ ಬ್ಯಾಟರಿ ಎರಡು ಇವೆ. ಗಾಡಿಯನ್ನು ಎತ್ತಿ ಆಕ್ಸಲ್ ಸ್ಟ್ಯಾಂಡ್ ಎಂಬ ಗಟ್ಟಿ ಆಧಾರಗಳ ಮೇಲೆ ನಿಲ್ಲಿಸಿದೆ, ಬರೀ ಜಾಕ್ ನಂಬಿ ಯಾರೂ ಅಡಿಗೆ ಹೋಗಬಾರದು. ಬೆಳಕಿಗೆ ಚಾರ್ಜ್ ಮಾಡುವ ಎಲ್‌ಇಡಿ ದೀಪ. ಹಳೆ ಕಾಲದ ಬಲ್ಬ್ ದೀಪ ಒಡೆದರೆ ಅದೇ ಕಿಡಿ. ಪೌಡರ್ ತುಂಬಿದ ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟಕುವ ಹಾಗಿತ್ತು.

ಹಳೆ ಪೈಪನ್ನು ಕತ್ತರಿಸಿ ಎಸೆಯಬೇಡಿ. ಆದಷ್ಟು ಇಡಿಯಾಗಿ ಹೊರಗೆ ತೆಗೆಯಿರಿ. ಅದೇ ನಿಮ್ಮ ನಕ್ಷೆ. ಎಲ್ಲಿ ಬಗ್ಗಿದೆ, ಎಲ್ಲಿ ಕ್ಲಿಪ್ ಇತ್ತು, ಎಲ್ಲವೂ ಅದರಲ್ಲೇ ಇದೆ. ತೆಗೆಯುವ ಮೊದಲು ಫೋಟೋಗಳನ್ನೂ ತೆಗೆದಿಟ್ಟುಕೊಂಡೆ. ಕ್ಯುನಿಫರ್ ಸುರುಳಿಯಾಗಿ ಬರುತ್ತದೆ. ಸುರುಳಿಯ ತುದಿ ಹಿಡಿದು ಎಳೆದರೆ ಪೈಪ್ ಮಡಚಿಕೊಳ್ಳುತ್ತದೆ. ತುದಿಯನ್ನು ನೆಲಕ್ಕೆ ಒತ್ತಿ ಹಿಡಿದು, ಚಾಪೆ ಬಿಚ್ಚುವ ಹಾಗೆ ಉರುಳಿಸುತ್ತಾ ಹೋಗಬೇಕು. ಹಳೆ ಪೈಪ್ ಪಕ್ಕ ಹೊಸದನ್ನಿಟ್ಟು, ಒಂದು ತುದಿಯಿಂದ ಶುರು ಮಾಡಿ ಒಂದೊಂದೇ ತಿರುವು ಬಗ್ಗಿಸಿದೆ. ದೊಡ್ಡ ತಿರುವಿಗೆ ಕೈಯೇ ಸಾಕು, ಬಿಗಿಯಾದ ತಿರುವಿಗೆ ಬೆಂಡರ್ ಬೇಕು. ಪೈಪಿನ ವ್ಯಾಸದ ಮೂರು ಪಟ್ಟಿಗಿಂತ ಕಡಿಮೆ ತ್ರಿಜ್ಯಕ್ಕೆ ನಾನು ಕೈ ಹಾಕಲಿಲ್ಲ. ಮಡಚಿದ ಜಾಗವನ್ನು ಮತ್ತೆ ನೆಟ್ಟಗೆ ಮಾಡಿದರೂ ಅದು ದುರ್ಬಲವೇ.

ಕತ್ತರಿಸಲು ಚಕ್ರದ ಕಟರ್ ಬಳಸಿ, ಹ್ಯಾಕ್ಸಾ ಬೇಡ. ಹ್ಯಾಕ್ಸಾದ ಪುಡಿ ಪೈಪ್ ಒಳಗೆ ಕೂತು, ಮುಂದೆ ಕಾರ್ಬೊರೇಟರ್‌ನ ಫ್ಲೋಟ್ ಸೂಜಿಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಬಟ್ಟಲು ತುಂಬಿದಾಗ ಪೆಟ್ರೋಲ್ ಬರುವ ದಾರಿ ಮುಚ್ಚುವ ಸೂಜಿ ಅದು. ಸೂಜಿ ಮುಚ್ಚದಿದ್ದರೆ ಪೆಟ್ರೋಲ್ ಉಕ್ಕಿ ಹರಿಯುತ್ತದೆ. ಕಟರನ್ನು ಒಂದೇ ಸಲ ಬಿಗಿ ಮಾಡಬೇಡಿ, ಪೈಪ್ ಚಪ್ಪಟೆಯಾಗುತ್ತದೆ. ಒಂದು ಸುತ್ತು ಹಾಕಿ ಚೂರು ಬಿಗಿ ಮಾಡಿ, ಮತ್ತೆ ಸುತ್ತು. ಕತ್ತರಿಸಿದ ಮೇಲೆ ಒಳಗಿನ ಅಂಚು ಕೆರೆದು ನುಣುಪು ಮಾಡಿ, ಗಾಳಿ ಊದಿ, ಎರಡೂ ತುದಿಗೆ ಟೇಪ್ ಸುತ್ತಿದೆ. ಗಾಡಿಯ ಅಡಿ ತೂರಿಸುವಾಗ ಮಣ್ಣು ಒಳಗೆ ಹೋಗುವುದು ಸುಲಭ, ತೆಗೆಯುವುದು ಕಷ್ಟ.

ಪೈಪ್ ಕೆಡುವುದಕ್ಕಿಂತ ಜಾಯಿಂಟ್ ಕೆಡುವುದೇ ಜಾಸ್ತಿ. ನನ್ನ ಸಮಯದಲ್ಲಿ ಹೆಚ್ಚು ಪಾಲು ಹೋಗಿದ್ದು ಅಲ್ಲೇ, ಹೋಗಬೇಕಾದ್ದೂ ಅಲ್ಲೇ. ಆಲಿವ್ ಜಾಯಿಂಟ್‌ಗೆ ಪೈಪ್ ನೇರವಾಗಿ ಒಳಗಿನ ಮೆಟ್ಟಿಲಿಗೆ ತಾಗುವವರೆಗೆ ಹೋಗಬೇಕು. ಹತ್ತಿರದಲ್ಲೇ ತಿರುವಿದ್ದರೆ ಅದು ಓರೆಯಾಗಿ ಕೂರುತ್ತದೆ, ಅದಕ್ಕೇ ಜಾಯಿಂಟ್ ಪಕ್ಕ ಒಂದಿಷ್ಟು ಉದ್ದ ನೆಟ್ಟಗೆ ಬಿಟ್ಟೆ. ನಟ್ಟನ್ನು ಬೆರಳಲ್ಲಿ ಪೂರ್ತಿ ತಿರುಗಿಸಿ, ಆಮೇಲೆ ಸ್ಪ್ಯಾನರ್‌ನಲ್ಲಿ ಮುಕ್ಕಾಲರಿಂದ ಒಂದು ಸುತ್ತು. ಇನ್ನೊಂದು ಸ್ಪ್ಯಾನರ್ ಎದುರು ಭಾಗವನ್ನು ಹಿಡಿದಿರಲೇಬೇಕು, ಇಲ್ಲದಿದ್ದರೆ ತಿರುಚು ಪಂಪಿನ ಮೇಲೆ ಬೀಳುತ್ತದೆ. ಇನ್ನೂ ಬಿಗಿ ಇರಲಿ ಅಂತ ಒತ್ತಿದರೆ ಆಲಿವ್ ಪೈಪನ್ನೇ ಹಿಸುಕುತ್ತದೆ. ಪ್ಲಂಬರ್‌ಗಳು ಸುತ್ತುವ ಬಿಳಿ ಟೇಪ್ ಇಲ್ಲಿ ಬೇಡ. ಇಲ್ಲಿ ಸೋರದಂತೆ ತಡೆಯುವುದು ಆಲಿವ್, ಮರೆಯಲ್ಲ. ಟೇಪಿನ ಎಳೆ ಕಿತ್ತು ಬಂದರೆ ಅದೂ ಸೂಜಿಗೇ ಹೋಗುತ್ತದೆ.

ರಬ್ಬರ್ ಹೋಸ್ ಕೂರುವ ತುದಿಯನ್ನು ಸುಮ್ನೆ ನುಣುಪಾಗಿ ಬಿಡಬಾರದು. ತುದಿ ಅರಳಿಸುವ ಫ್ಲೇರಿಂಗ್ ಉಪಕರಣದ ಮೊದಲ ಒತ್ತು ಮಾತ್ರ ಕೊಟ್ಟು, ಸಣ್ಣ ಉಬ್ಬು ಎಬ್ಬಿಸಿದೆ. ಕ್ಲಿಪ್ ಸಡಿಲವಾದರೂ ಹೋಸ್ ಜಾರಿ ಬರದಂತೆ ಆ ಉಬ್ಬು ತಡೆಯುತ್ತದೆ. ಕ್ಲಿಪ್ ಕೂಡ ನೋಡಿ ತನ್ನಿ. ಪಟ್ಟಿಯಲ್ಲಿ ತೂತಿರುವ ಕ್ಲಿಪ್ ರಬ್ಬರನ್ನು ಕೊರೆಯುತ್ತದೆ. ಒಳಮೈ ನುಣುಪಾಗಿರುವ, ಅಂಚು ಹೊರಕ್ಕೆ ಮಡಚಿರುವ ಕ್ಲಿಪ್ ಬೇಕು.

ಹೋಸ್ ವಿಷಯದಲ್ಲಿ ಒಂದು ಕಾಳಜಿ ಇದೆ. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರ್‌ನಿಂದ ಸಾಮಾನ್ಯ ಪೆಟ್ರೋಲ್‌ನಲ್ಲಿ 10 ಶೇಕಡಾವರೆಗೆ ಎಥನಾಲ್ ಇದೆ. ಹಳೆ ಬಗೆಯ ರಬ್ಬರ್ ಎಥನಾಲ್‌ಗೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಬಿರುಕು ಬಿಡುತ್ತದೆ. ಇಂಧನ ಹೋಸ್‌ಗಳ ಗುಣಮಟ್ಟದ ಗುರುತಾದ ಎಸ್‌ಎಇ ಜೆ30 ಆರ್9 ಅಂತ ಅಚ್ಚಾಗಿರುವ ಹೋಸ್ ಕೇಳಿ. ಅಚ್ಚನ್ನೂ ಪೂರ್ತಿ ನಂಬಬೇಡಿ. ಹಾಗೆ ಅಚ್ಚಿದ್ದ ಒಂದು ಹೋಸನ್ನು ಬೆರಳಿಗೆ ಸುತ್ತಿದಾಗ ಮೈಯೆಲ್ಲಾ ಸಣ್ಣ ಬಿರುಕು ಕಂಡು ಅಂಗಡಿಗೆ ವಾಪಸ್ ಕೊಟ್ಟೆ. ನಮ್ಮ ಕರ್ನಾಟಕದಲ್ಲಿ ಪ್ರೀಮಿಯರ್ ಪದ್ಮಿನಿ, ಅಂಬಾಸಿಡರ್ ಇಟ್ಟುಕೊಂಡವರಿಗಂತೂ ಈ ಮಾತು ಇನ್ನೂ ಮುಖ್ಯ. ಅಲ್ಲಿ ಈಗ ಸಿಗುವುದು 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲ್ ಅಲ್ವಾ? ಲೋಹದ ಪೈಪ್ ಗಟ್ಟಿ ಇದ್ದರೂ ನಡುವಿನ ಗೇಣುದ್ದ ರಬ್ಬರ್ ಹಳೆಯದಾದರೆ ಪ್ರಯೋಜನವಿಲ್ಲ.

ಪೈಪನ್ನು ಗಾಡಿಗೆ ಕಟ್ಟುವಾಗ ಸುಮಾರು ಒಂದಡಿಗೆ ಒಂದು ಕ್ಲಿಪ್, ಒಳಗೆ ರಬ್ಬರ್ ಇರುವಂಥದ್ದು. ತಾಮ್ರದ ಮಿಶ್ರಲೋಹ ಉಕ್ಕಿಗೆ ಬರಿಮೈಯಲ್ಲಿ ತಾಗಿ ಒದ್ದೆಯಾದರೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ, ನಡುಕಕ್ಕೆ ಪೈಪೂ ಸವೆಯುತ್ತದೆ. ಹ್ಯಾಂಡ್‌ಬ್ರೇಕ್ ಕೇಬಲ್, ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಎಕ್ಸಾಸ್ಟ್ ಮೂರರಿಂದಲೂ ದೂರ ಇದೆಯಾ ಅಂತ ಕೈ ಹಾಕಿ ನೋಡಿದೆ.

ಕೊನೆಗೆ ಪರೀಕ್ಷೆ. ಪಂಪ್‌ನಿಂದ ಮುಂದಿನ ಭಾಗದಲ್ಲಿ ಒತ್ತಡ ಇರುತ್ತದೆ, ಸೋರಿದರೆ ಕಾಣುತ್ತದೆ. ಟ್ಯಾಂಕ್‌ನಿಂದ ಪಂಪ್‌ವರೆಗೆ ಇರುವುದು ಎಳೆತ. ಅಲ್ಲಿ ಜಾಯಿಂಟ್ ಸಡಿಲವಾದರೆ ಪೆಟ್ರೋಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಬೀಳುವುದಿಲ್ಲ, ಗಾಡಿ ಮಾತ್ರ ದಾರಿಯಲ್ಲಿ ಮುಗ್ಗರಿಸುತ್ತದೆ. ಅದಕ್ಕೆ ಕಾರ್ಬೊರೇಟರ್ ಕಡೆಯ ಹೋಸ್ ಬಿಚ್ಚಿ, ತುದಿಯನ್ನು ಪೆಟ್ರೋಲ್ ಇರುವ ಗಾಜಿನ ಜಾಡಿಯೊಳಗೆ ಮುಳುಗಿಸಿ ಪಂಪ್ ಓಡಿಸಿದೆ, ಇದೂ ಬಯಲಿನಲ್ಲೇ. ಮೊದಲು ಗುಳ್ಳೆ ಬರುತ್ತವೆ, ಬೇಗ ನಿಲ್ಲಬೇಕು. ನಿಂತವು.

ಹೋಸ್ ಮತ್ತೆ ಜೋಡಿಸಿ ಕೀಲಿ ತಿರುಗಿಸಿದಾಗ ಎಸ್‌ಯು ಪಂಪ್ ಟಕಟಕ ಅಂತ ಸದ್ದು ಮಾಡುತ್ತಾ ಕಾರ್ಬೊರೇಟರ್ ಬಟ್ಟಲು ತುಂಬಿಸಿ ಸುಮ್ಮನಾಗುತ್ತದೆ. ಎಂಜಿನ್ ಶುರು ಮಾಡದೆ ಕಿವಿಗೊಟ್ಟು ಕೇಳಿ. ಕೆಲವೇ ಸೆಕೆಂಡಿಗೊಮ್ಮೆ ಟಕ್ ಅನ್ನುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಫ್ಲೋಟ್ ಸೂಜಿ ಮುಚ್ಚುತ್ತಿಲ್ಲ. ಸುಮ್ಮನಿದ್ದರೂ ಪ್ರತಿ ಜಾಯಿಂಟ್‌ಗೆ ಬಿಳಿ ಟಿಶ್ಯೂ ಒತ್ತಿ ನೋಡಿ. ಎಂಜಿನ್ ಬಿಸಿಯಾಗುವಷ್ಟು ಓಡಿಸಿ ಬಂದು, ಆರಿದ ಮೇಲೆ ಇದನ್ನೇ ಇನ್ನೊಮ್ಮೆ ಮಾಡಿದೆ. ಹೋಸ್ ಹಾಕಿದ ತಿಂಗಳು, ವರ್ಷವನ್ನು ಬಾನೆಟ್ ಒಳಗೆ ಚೀಟಿ ಅಂಟಿಸಿ ಬರೆದಿಟ್ಟಿದ್ದೇನೆ. ಪೈಪ್ ನನಗಿಂತ ಜಾಸ್ತಿ ಬಾಳಬಹುದು, ರಬ್ಬರನ್ನು ಮಾತ್ರ ಪ್ರತಿ ಸರ್ವಿಸ್‌ನಲ್ಲೂ ಕೈಯಿಂದ ಬಗ್ಗಿಸಿ ನೋಡುತ್ತೇನೆ.